ಅಪ್‌ಡೇಟ್: ಹಳೇ ಮಿಯಾಟಾಗೆ ಕೊನೆಗೆ ಹಾಕಿದ್ದು ಬರೀ ಶಾಕ್

ಮೊದಲು ನಾನು ಕೇಳಿದ್ದು ಇಷ್ಟೇ: ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಎನ್‌ಎಗೆ (ಮಿಯಾಟಾ ಅಂದರೆ ಇದೇ ಕಾರು) ಅಗ್ಗದ ಕಾಯಿಲ್‌ಓವರ್ ಸೆಟ್ಟೋ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ), ಬರೀ ಶಾಕೋ (ಶಾಕ್ ಅಬ್ಸಾರ್ಬರ್)? ಮೂಲ ಸ್ಪ್ರಿಂಗ್ ಉಳಿಸಿಕೊಂಡು ನಾಲ್ಕು ಕೆವೈಬಿ ಕಂಪನಿಯ ಶಾಕ್, ಹೊಸ ಬಂಪ್‌ಸ್ಟಾಪ್ (ಚಲನೆಯ ಕೊನೆಯಲ್ಲಿ ಬಡಿತ ತಡೆಯುವ ಮೆತ್ತೆ), ಡಸ್ಟ್ ಬೂಟ್ (ಧೂಳು ತಡೆಯುವ ಹೊದಿಕೆ) ಹಾಕಿದ್ದಾಯಿತು.

ಈ ಕಾರಿನಲ್ಲಿ ಸಸ್ಪೆನ್ಷನ್ ಮೇಲಕ್ಕೆ ಹೋಗಲು ಇರುವ ಜಾಗವೇ ಕಮ್ಮಿ. ಕಾರನ್ನು ತಗ್ಗಿಸಿದರೆ ಪ್ರತಿ ಗುಂಡಿಗೂ ಬಂಪ್‌ಸ್ಟಾಪಿಗೆ ಬಡಿಯುತ್ತೆ. ಜನ ಅದನ್ನೇ ‘ಸ್ಪೋರ್ಟಿ’ ಅಂತಾರೆ. ಟಾಪ್ ಮೌಂಟ್ (ಶಾಕಿನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗ) ಮಾತ್ರ ನಂತರದ ಎನ್‌ಬಿ ಮಾದರಿಯದು. ಎನ್‌ಎಗೂ ಕೂರುತ್ತೆ, ಚಲನೆಗೆ ಸ್ವಲ್ಪ ಜಾಗ ಹೆಚ್ಚಿಸುತ್ತೆ.

ಮುಂಭಾಗದ ಶಾಕ್ ಹೊರಗೆ ಬರಲು ಸಸ್ಪೆನ್ಷನ್ನಿನ ಮೇಲಿನ ಆರ್ಮಿನ ಉದ್ದ ಬೋಲ್ಟ್ ಬಿಚ್ಚಿ, ಸಲೀಸಾಗುತ್ತೆ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ) ಇಲ್ಲದೆ ಶಾಕಿನ ಮೇಲ್ತುದಿಯ ನಡುವಿನ ನಟ್ ಮುಟ್ಟಲೇಬೇಡಿ. ಹೊಸ ಶಾಕಿನ ರಾಡನ್ನು ಇಕ್ಕಳದಲ್ಲಿ ಹಿಡಿದರೆ ಗೀರು ಬಿದ್ದು ಸೀಲ್ ಹಾಳು, ಎಣ್ಣೆ ಸೋರಿಕೆ ಶುರು.

ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗಿಸಿ ಬಿಟ್ಟು, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲಷ್ಟೇ ಬಿಗಿ ಮಾಡಿ. ಜಾಕ್ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತೆ.

ಕೆಳಗಿನ ಆರ್ಮಿನ ಕ್ಯಾಮ್ ಬೋಲ್ಟ್ (ಚಕ್ರದ ಕೋನ ಹೊಂದಿಸಲು ತಿರುಗಿಸುವ ಬೋಲ್ಟ್) ತುಕ್ಕು ಹಿಡಿದು ಬುಷ್ ಒಳಗಿನ ಕೊಳವೆಗೆ ಅಂಟಿತ್ತು. ಅದು ತಿರುಗದೆ ಅಲೈನ್‌ಮೆಂಟ್ ಇಲ್ಲ. ಕಾಯಿಲ್‌ಓವರ್ ಬಿಟ್ಟು ಉಳಿಸಿದ ದುಡ್ಡಲ್ಲಿ ಒಂದಿಷ್ಟು ಅಲ್ಲಿಗೇ ಹೋಯಿತು.