ಕ್ರಿಟಾದಲ್ಲಿ ಗೆರೆ ನಡುಗುತ್ತೆ, ತುದಿ ಮೊಂಡಾಗುತ್ತೆ: ಯಾವ ಸೆಟ್ಟಿಂಗ್ ತಪ್ಪು?

ಗೆರೆಗಾರ:
ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಮಂಕಿ ಟಾಪ್‌ಗಳನ್ನು (ಮರದ ಪಟ್ಟಿಗಳ ಚೂಪು ಮುಂಚಾವಣಿ) ಬರೀ ಕಪ್ಪು ಗೆರೆಯಲ್ಲಿ ಬಿಡಿಸ್ತಿದ್ದೀನಿ, ಚಿತ್ರಸಂತೆಗೆ ಎ4 ಪ್ರಿಂಟ್ ಹಾಕಿಸಬೇಕು. ಬಿಡಿಸೋದು ಕ್ರಿಟಾ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ. ವಿಂಡೋಸ್ 11, ಪರದೆ ಇಲ್ಲದ 6×4 ಇಂಚಿನ ಪೆನ್ ಟ್ಯಾಬ್ಲೆಟ್, 24 ಇಂಚಿನ ಮಾನಿಟರ್. ಉದ್ದ ಗೆರೆ ನಿಧಾನಕ್ಕೆ ಎಳೆದರೆ ನಡುಗುತ್ತೆ, ಬೇಗ ಎಳೆದರೆ ತಿರುವುಗಳು ಮೂಲೆ ಮೂಲೆ ಆಗುತ್ತವೆ. ತುದಿ ಚೂಪಾಗೋದೇ ಇಲ್ಲ. ನಡುಕ ತಗ್ಗಿಸೋ ಸ್ಟೆಬಿಲೈಜರ್ ಜಾಸ್ತಿ ಮಾಡಿದರೆ ಗೆರೆ ಪೆನ್ನಿನ ಹಿಂದೆ ತೆವಳಿಕೊಂಡು ಬರುತ್ತೆ.

ಪಿಕ್ಸೆಲ್ ಪುಟ್ಟ:
ಇಲ್ಲಿರೋದು ಎರಡು ಬೇರೆ ಬೇರೆ ಕಾಯಿಲೆ, ಒಂದೇ ಮಾತ್ರೆ ನುಂಗಿಸಬೇಡಿ.

ಮೂಲೆ ಮೂಲೆ ಆಗೋದು ಕೈಯ ತಪ್ಪಲ್ಲ. ಕಾನ್ಫಿಗರ್ ಕ್ರಿಟಾ, ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್ಲೆಟ್ ಟೆಸ್ಟರ್ ಇದೆ. ಅದರಲ್ಲಿ ಬೇಗ ಬೇಗ ಸೊನ್ನೆ ಸುತ್ತಿ. ಅಲ್ಲೂ ಮುರಿದರೆ ಡ್ರೈವರ್ ಕಡೆಯ ತೊಂದರೆ: ಪೆನ್ನಿನ ಸಂಕೇತ ಓದೋಕೆ ಎರಡು ದಾರಿ ಇವೆ, ಅದೇ ಪುಟದಲ್ಲಿ ವಿಂಡೋಸ್ ಇಂಕ್ ಇದ್ದರೆ ವಿನ್‌ಟ್ಯಾಬ್‌ಗೆ, ವಿನ್‌ಟ್ಯಾಬ್ ಇದ್ದರೆ ಇಂಕ್‌ಗೆ ಬದಲಿಸಿ ಕ್ರಿಟಾ ಮುಚ್ಚಿ ತೆರೆಯಿರಿ. ಅಲ್ಲಿ ದುಂಡಗೆ ಬಂದು ಕ್ಯಾನ್ವಾಸಿನಲ್ಲಿ ಮಾತ್ರ ಮುರಿದರೆ ಗೆರೆ ನಯ ಮಾಡೋ ಬ್ರಷ್ ಸ್ಮೂದಿಂಗ್ 'ನನ್' ಆಗಿರಬಹುದು, 'ಬೇಸಿಕ್' ಮಾಡಿ.

ನಡುಕಕ್ಕೆ ಕಾರಣ ಲೆಕ್ಕದಲ್ಲೇ ಇದೆ. 24 ಇಂಚಿನ ಮಾನಿಟರ್ ಅಗಲ ಸುಮಾರು 21 ಇಂಚು, ನಿಮ್ಮ ಟ್ಯಾಬ್ಲೆಟ್ 6. ಕೈ 1 ಮಿ.ಮೀ. ಅಲುಗಿದರೆ ಪರದೆಯಲ್ಲಿ ಮೂರೂವರೆ ಮಿ.ಮೀ. ಆಗುತ್ತೆ. ಇಡೀ ಹಾಳೆ ಕಾಣುವಂತೆ ಇಟ್ಟುಕೊಂಡು ಗೆರೆ ಹಾಕಬೇಡಿ, ಜೂಮ್ ಮಾಡಿ ಎಳೆಯಿರಿ. 4 ಮತ್ತು 6 ಕೀಲಿಯಿಂದ ಹಾಳೆ ತಿರುಗಿಸಿಕೊಳ್ಳಿ, 5 ಒತ್ತಿದರೆ ನೆಟ್ಟಗಾಗುತ್ತೆ. ಮಣಿಕಟ್ಟಿನಿಂದಲ್ಲ, ಮೊಣಕೈಯಿಂದ ಎಳೆಯಿರಿ. ರಂಗೋಲಿ ಎಳೆ ಎಳೆಯುವಾಗ ಕಣ್ಣು ಮುಂದಿನ ಚುಕ್ಕಿ ಮೇಲಿರುತ್ತಲ್ಲ, ಹಾಗೇ.

ಇನ್ನೊಂದು: 6×4ರ ಅಳತೆ 3:2, ಮಾನಿಟರ್ ಸಾಮಾನ್ಯವಾಗಿ 16:9. ಡ್ರೈವರಿನಲ್ಲಿ ಅನುಪಾತ ಸರಿಹೊಂದಿಸದಿದ್ದರೆ ಕೈಯಲ್ಲಿ ಸುತ್ತಿದ ಸೊನ್ನೆ ಪರದೆಯಲ್ಲಿ ಅಡ್ಡಡ್ಡ ಉಬ್ಬುತ್ತೆ. 6 ಇಂಚು ಅಗಲಕ್ಕೆ ಎತ್ತರ ಸುಮಾರು 3.4 ಇಂಚು ಸಾಕು.

ಶಾಯಿ ಬುಡ್ಡಿ:
ಮೇಲಿನವರು ಹೇಳಿದ್ದು ಸರಿ, ತುದಿಯ ವಿಷಯ ಬಿಟ್ಟರು. ಮೊದಲು F5 ಒತ್ತಿ ಬ್ರಷ್ ಎಡಿಟರಿನಲ್ಲಿ ಸೈಜ್ ಕೆಳಗೆ ಪ್ರೆಷರ್ (ಪೆನ್ನಿನ ಒತ್ತಡ) ಟಿಕ್ ಆಗಿದೆಯಾ ನೋಡಿ. ಅದಿಲ್ಲದ ಬ್ರಷ್‌ನಲ್ಲಿ ತಿಪ್ಪರಲಾಗ ಹಾಕಿದರೂ ಗೆರೆಗೆ ಚೂಪು ಬಾಲ ಬರೋದಿಲ್ಲ. 'ಇಂಕ್-3 ಜಿಪೆನ್' ತಗೊಳ್ಳಿ. ಟಿಕ್ ಇದ್ದೂ ಮೊಂಡಾದರೆ ಸ್ಟೆಬಿಲೈಜರ್ ಕೆಳಗಿನ 'ಸ್ಟೆಬಿಲೈಜ್ ಸೆನ್ಸರ್ಸ್' ತೆಗೆಯಿರಿ. ಅದು ಒತ್ತಡವನ್ನೂ ಸರಾಸರಿ ಮಾಡುತ್ತೆ, ಪೆನ್ ಎತ್ತುವಾಗಿನ ಹಗುರ ಗೆರೆಗೆ ಬರೋದೇ ಇಲ್ಲ.

ಸ್ಟೆಬಿಲೈಜರಿನ ಡಿಸ್ಟನ್ಸ್ 20-30ರಿಂದ ಶುರು ಮಾಡಿ. ಅದಕ್ಕಿಂತ ಏರಿಸಿದಷ್ಟೂ ಗೆರೆಗೆ ಜೀವ ಕಡಿಮೆ, ನನಗಂತೂ ಪ್ಲಾಸ್ಟಿಕ್ ವೈರ್ ಥರ ಕಾಣುತ್ತೆ. ಚೂಪು ಮೂಲೆ ಬೇಕಾದ ಕಡೆ 'ಡಿಲೇ' ಹಾಕಿ: ಕರ್ಸರ್ ಸುತ್ತ ಒಂದು ವೃತ್ತ ಬರುತ್ತೆ, ಪೆನ್ ಅದರೊಳಗೆ ದಿಕ್ಕು ಬದಲಿಸಿದರೂ ಗೆರೆ ಅಲುಗೋದಿಲ್ಲ. ಸಣ್ಣ ಹ್ಯಾಚಿಂಗ್‌ಗೆ (ನೆರಳಿಗೆ ಹಾಕೋ ಒತ್ತೊತ್ತು ಗೆರೆಗಳು) ಸ್ಟೆಬಿಲೈಜರ್ ಬೇಡವೇ ಬೇಡ, ಬೇಸಿಕ್ ಸ್ಮೂದಿಂಗ್ ಸಾಕು.

ಗೆರೆಗಾರ:
ಸೆನ್ಸರ್ಸ್ ತೆಗೆದ ಮೇಲೆ ಬಾಲ ಬಂತು, ಥ್ಯಾಂಕ್ಸ್. ಮಂಕಿ ಟಾಪ್‌ನ ಒತ್ತೊತ್ತಾದ ಮರದ ಪಟ್ಟಿಗಳಿಗೂ ಕೈಯಲ್ಲೇ ಎಳೆಯಬೇಕಾ?

ಪಿಕ್ಸೆಲ್ ಪುಟ್ಟ:
ಅಸಿಸ್ಟೆಂಟ್ ಟೂಲ್‌ನಲ್ಲಿ 'ಪ್ಯಾರಲಲ್ ರೂಲರ್' ಒಂದು ಪಟ್ಟಿಯುದ್ದಕ್ಕೂ ಇಡಿ, ಬ್ರಷ್‌ನ ಟೂಲ್ ಆಪ್ಷನ್ಸ್‌ನಲ್ಲಿ 'ಸ್ನ್ಯಾಪ್ ಟು ಅಸಿಸ್ಟೆಂಟ್ಸ್' ಆನ್ ಮಾಡಿ. ಎಲ್ಲಿಂದ ಎಳೆದರೂ ಅದಕ್ಕೆ ಸಮಾನಾಂತರವಾಗಿ ಬರುತ್ತೆ, ಒತ್ತಡದ ದಪ್ಪ-ತೆಳು ಉಳಿಯುತ್ತೆ. ತೀರಾ ಸ್ಕೇಲಿನ ಗೆರೆ ಅನಿಸಿದರೆ ಮ್ಯಾಗ್ನೆಟಿಸಂ (ರೂಲರ್ ಗೆರೆಯನ್ನು ಎಳೆದುಕೊಳ್ಳೋ ಬಲ) ಇಳಿಸಿ. ಪಟ್ಟಿ ಮುಗಿದ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಮುಂದಿನ ಬಳ್ಳಿ, ಎಲೆ ಎಲ್ಲವೂ ಪಟ್ಟಿಯಾಗುತ್ತವೆ! ಪಟ್ಟಿಯ ತುದಿ ಚೌಕಟ್ಟಿನಾಚೆ ಹೋಗಲಿ ಬಿಡಿ. ಚೌಕಟ್ಟು ಬೇರೆ ಲೇಯರಿನಲ್ಲಿದ್ದರೆ E ಒತ್ತಿ (ಬ್ರಷ್ ಅಳಿಸೋ ರಬ್ಬರ್ ಆಗುತ್ತೆ) ಅದೇ ಬ್ರಷ್‌ನಿಂದ ಹೆಚ್ಚಾದದ್ದನ್ನು ಕತ್ತರಿಸಬಹುದು.

ಶಾಯಿ ಬುಡ್ಡಿ:
ಪ್ರಿಂಟಿಗೆ ಅಂದಿರಲ್ಲ, ಎ4 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದರೆ 2480×3508 ಪಿಕ್ಸೆಲ್. ಅದರಲ್ಲಿ 1 ಪಿಕ್ಸೆಲ್ 0.085 ಮಿ.ಮೀ. ಅಷ್ಟೇ. ಜೂಮ್ ಮಾಡಿದಾಗ ದಪ್ಪ ಕಂಡ ಗೆರೆ ಕಾಗದದಲ್ಲಿ ಮಾಯವಾಗುತ್ತೆ. ತೀರಾ ತೆಳು ಗೆರೆಯನ್ನೂ 3 ಪಿಕ್ಸೆಲ್‌ಗಿಂತ ಇಳಿಸಬೇಡಿ. ಕಡತ 600 ಡಿಪಿಐ ಮಾಡಿದರೆ ಬ್ರಷ್ ಸೈಜನ್ನೂ ಎರಡು ಪಟ್ಟು ಮಾಡಬೇಕು.