ರೈಲ್ವೆ, ತಂತಿ ಕಂಪ್ನಿ ಒಬ್ರಿಗೊಂದು ರೇಟ್ ಹಾಕಿದ್ರೆ ದಂಡ ಯಾರ್ ಜೇಬಿಗೆ?

ಎಲ್‌ಎಲ್‌ಬಿ_ಮೈಸೂರು:
ಎಲ್ರಿಗೂ ನಮಸ್ಕಾರ. ಸೋಮವಾರ ಸೆಮಿನಾರ್ ಇದೆ, ಟಾಪಿಕ್ಕು ಅಮೆರಿಕಾದಲ್ಲಿ ರೈಲ್ವೆ, ಟೆಲಿಗ್ರಾಫ್ ಕಂಪ್ನಿಗಳು ಗಿರಾಕಿಗಳಲ್ಲಿ ಭೇದ ಮಾಡಿದ್ರೆ ಏನ್ ಶಿಕ್ಷೆ ಇತ್ತು ಅಂತ. 1887ರ ಇಂಟರ್‌ಸ್ಟೇಟ್ ಕಾಮರ್ಸ್ ಆಕ್ಟ್‌ನಲ್ಲಿ 5000 ಡಾಲರ್ ವರ್ಗೂ ದಂಡ ಅಂತಿದೆ, ಅಷ್ಟೇನಾ? ಅಂಥ ಕಂಪ್ನಿಗಳಿಗೆ ಅದು ಕಾಫಿ ಖರ್ಚು. ಅದೂ ಸರ್ಕಾರಕ್ಕೇ ಹೋದ್ರೆ ಏಟು ತಿಂದವ್ನಿಗೆ ಏನ್ ಬಂತು?

ಸರಸ್ವತಿಪುರಂ_ವಕೀಲ:
ದಂಡದ ಸೆಕ್ಷನ್ ಒಂದೇ ಓದಿದೀಯ, 8ನೇ ಸೆಕ್ಷನ್ ನೋಡು, ನಷ್ಟ ಆದವ್ನಿಗೆ ಪೂರ್ತಿ ನಷ್ಟದ ಜೊತೆ ವಕೀಲರ ಫೀಸೂ ಕಂಪ್ನಿನೇ ಕೊಡ್ಬೇಕು (ನಮ್ಮವ್ರಿಗೆ ಇಷ್ಟ ಆಗೋ ಸೆಕ್ಷನ್ನು). 1889ರ ತಿದ್ದುಪಡಿನಲ್ಲಿ ರೇಟಲ್ಲಿ ಭೇದ ಮಾಡಿದವ್ರಿಗೆ 2 ವರ್ಷದವರ್ಗೂ ಜೈಲೂ ಸೇರಿಸಿದ್ರು. 1903ರ ಎಲ್ಕಿನ್ಸ್ ಆಕ್ಟ್ ಜೈಲು ತೆಗೆದು ದಂಡನ ಒಂದೊಂದು ತಪ್ಪಿಗೆ 1000ದಿಂದ 20,000 ಡಾಲರ್ ಮಾಡ್ತು, ಕದ್ದುಮುಚ್ಚಿ ರಿಯಾಯ್ತಿ ಕೊಟ್ಟವ್ನಿಗಷ್ಟೇ ಅಲ್ಲ, ಈಸ್ಕೊಂಡವ್ನಿಗೂ. 1906ರಲ್ಲಿ ಜೈಲು ವಾಪಸ್ ಬಂತು.
1907ರಲ್ಲಿ ಜಡ್ಜ್ ಲ್ಯಾಂಡಿಸ್ ಇದನ್ನೇ ಹಿಡ್ಕೊಂಡು ಸ್ಟ್ಯಾಂಡರ್ಡ್ ಆಯಿಲ್ ಅನ್ನೋ ದೊಡ್ಡ ಎಣ್ಣೆ ಕಂಪ್ನಿಗೆ 1462 ವ್ಯಾಗನ್, ವ್ಯಾಗನ್‌ಗೆ 20,000ದಂತೆ 2,92,40,000 ಡಾಲರ್ ಜಡಿದ್ರು. ಹೊರಗೆ ತೋರ್ಸಿದ್ ರೇಟು 18 ಸೆಂಟ್, ಅವ್ರು ಕೊಟ್ಟಿದ್ದು 6.

ಆಲೆಮನೆ_ಮಂಡ್ಯ:
ರಿಯಾಯ್ತಿ ಒಂದೇ ಆಗಿದ್ರೆ ಸೈ ಅನ್ಬೋದಿತ್ತು ಕಣಣ್ಣ. ಓಹಿಯೋದಲ್ಲಿ ಜಾರ್ಜ್ ರೈಸ್ ಅಂತ ಸಣ್ಣ ಎಣ್ಣೆ ವ್ಯಾಪಾರಿ ಇದ್ದ, 1887ರ ಕಾನೂನಿಗೂ ಮುಂಚೆ ಮಾತು, ಅವ್ನಿಗೆ ಪೀಪಾಯಿಗೆ 35 ಸೆಂಟ್ ಬಾಡಿಗೆ, ಸ್ಟ್ಯಾಂಡರ್ಡ್‌ಗೆ 10. ಇವ್ನತ್ರ ಕಿತ್ಕೊಂಡ 35ರಲ್ಲಿ 25 ತಗೊಂಡೋಗಿ ರೈಲ್ವೆಯವ್ರು ಆ ದೊಡ್ ಕಂಪ್ನಿಗೇ ಕೊಡೋರು! ನಾನ್ ಬೆಲ್ಲ ಕಳ್ಸೋಕೆ ಕೊಟ್ಟ ಬಾಡಿಗೆನಲ್ಲಿ ಪಕ್ಕದ ಸಾವ್ಕಾರ್ ಜೇಬು ತುಂಬ್ದಂಗೆ.
ನಮ್ಮಪ್ಪಂಗೂ ಹಿಂಗೇ ಒಂದ್ಸಲ ಒಂದ್ ಲಾರಿ ಆಫೀಸ್‌ನಲ್ಲಿ, ನಾವ್ ಮೊದ್ಲು ಹೋಗಿದ್ರೂ ಸಾವ್ಕಾರ್ ಮೂಟೆ ಏರುಸ್ಬುಟ್ಟು ನಮ್ದು ಜಗಲಿ ಮೇಲೆ ಬುಟ್ರು, ರಾತ್ರಿ ಮಳೆ ಹೊಡ್ದು ಬೆಳಿಗ್ಗೆ ನೋಡಿದ್ರೆ ಅಚ್ಚೆಲ್ಲಾ ಕರಗಿ ಗೋಣಿಚೀಲದಿಂದ ತೊಟ್ಟಿಕ್ತಾ ಇತ್ತು, ಮೆಟ್ಲುದ್ದಕ್ಕೂ ಇರುವೆ. ಯಾರೂ ಒಂದ್ರುಪಾಯ್ ಕೊಡ್ಲಿಲ್ಲ.

ತಂತಿ_ತಾತ:
ರೈಲೇ ಆಯ್ತಲ್ಲಪ್ಪ, ತಂತಿ ವಿಷ್ಯ ಯಾರೂ ಎತ್ಲಿಲ್ಲ. ಅದ್ರಲ್ಲಿ ರೇಟಿಗಿಂತ ಸರದಿನೇ ಮುಖ್ಯ, ಬೆಳೆ ಧಾರಣೆ ಒಬ್ಬಂಗೆ ಅರ್ಧ ಗಂಟೆ ಮೊದ್ಲು ಸಿಕ್ಕಿದ್ರೆ ಇನ್ನೊಬ್ಬ ಮುಳುಗ್ದ ಅಂತಾನೇ. ಅಮೆರಿಕಾದ 1860ರ ಕಾಯ್ದೆನಲ್ಲೇ ಬಂದ ಸರದಿಯಂತೆ ಪಕ್ಷಪಾತ ಇಲ್ದೆ ಕಳಿಸ್ಬೇಕು, ಸರ್ಕಾರದ್ದಕ್ಕೆ ಮಾತ್ರ ಮೊದಲ ಜಾಗ ಅಂತಿತ್ತು. ಇಂಡಿಯಾನಾ ರಾಜ್ಯದಲ್ಲಿ ಇದಕ್ಕೆ ತಪ್ಪಿದ್ರೆ 100 ಡಾಲರ್ ದಂಡ. ಆದ್ರೆ 1887ರಲ್ಲಿ ವೆಸ್ಟರ್ನ್ ಯೂನಿಯನ್ ಅನ್ನೋ ತಂತಿ ಕಂಪ್ನಿ ಕೇಸಲ್ಲಿ ಅವ್ರ ಸುಪ್ರೀಂ ಕೋರ್ಟು, ಬೇರೆ ರಾಜ್ಯದಲ್ಲಿ ತಂತಿ ಮುಟ್ಸೋದಕ್ಕೆ ಇಂಡಿಯಾನಾ ಕಾನೂನು ನಡಿಯಲ್ಲ ಅಂದ್ಬಿಡ್ತು. 1910ರಲ್ಲಿ ತಂತಿ ಕಂಪ್ನಿಗಳೂ ರೈಲ್ವೆ ನೋಡ್ಕೊಳ್ತಿದ್ದ ಕಮಿಷನ್ ಕೆಳಗೇ ಬಂದ್ವು.

ಎಲ್‌ಎಲ್‌ಬಿ_ಮೈಸೂರು:
ತಾತ, ನಮ್ಮಲ್ಲಿ ಎಕ್ಸ್‌ಪ್ರೆಸ್ ತಂತಿಗೆ ಜಾಸ್ತಿ ದುಡ್ಡು ತಗೋತಿದ್ರಲ್ಲ, ಅದು ಭೇದ ಅಲ್ವಾ?

ತಂತಿ_ತಾತ:
ಅಲ್ಲ ಮಗು. ಆ ರೇಟ್ ಬೋರ್ಡ್ ಮೇಲಿತ್ತು, ಕೊಟ್ಟೋರಿಗೆಲ್ಲಾ ಒಂದೇ. ಭೇದ ಆಗೋದು ಬೋರ್ಡ್ ಹಿಂದೆ.

ಸರಸ್ವತಿಪುರಂ_ವಕೀಲ:
ತಾತ ಹೇಳಿದ್ದು ಕರೆಕ್ಟ್. ನಮ್ಮ ದೇಶದ್ದೂ ಒಂದ್ ಸ್ಲೈಡ್ ಹಾಕು, 1989ರ ರೈಲ್ವೆ ಕಾಯ್ದೆ 70ನೇ ಸೆಕ್ಷನ್ ಒಬ್ರಿಗೆ ಅನುಚಿತವಾಗಿ ಒಲವು ತೋರ್ಸೋದನ್ನ ತಡೆಯುತ್ತೆ. ತಂತಿ 2013ರಲ್ಲೇ ನಿಂತೋಯ್ತು, ಆದ್ರೆ ಒಂದೊಂದು ಆ್ಯಪ್‌ಗೆ ಒಂದೊಂದು ಡೇಟಾ ರೇಟ್ ಹಾಕಿದ್ರೆ ದಿನಕ್ಕೆ 50,000 ರೂಪಾಯಿ, ಒಟ್ಟು 50 ಲಕ್ಷ ಮೀರದಂಗೆ ದಂಡ ಅಂತ 2016ರಲ್ಲಿ ಟ್ರಾಯ್ (ಫೋನ್, ಇಂಟರ್‌ನೆಟ್ ಕಂಪ್ನಿಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ರೂಲ್ ಮಾಡಿದೆ. ಇನ್ನೊಂದು, ಲ್ಯಾಂಡಿಸ್ ದಂಡ 1908ರಲ್ಲಿ ಅಪೀಲಲ್ಲಿ ಬಿದ್ದೋಯ್ತು. ಅದನ್ನ ಬಿಟ್ಟು ಹೇಳ್ಬೇಡ, ಮೇಷ್ಟ್ರು ಅಲ್ಲೇ ಹಿಡ್ಕೋತಾರೆ.