ಹಳೆ ಆಟೋಮ್ಯಾಟಿಕ್ ಕಾರಿಗೆ ಹೆಚ್ಚುವರಿ ಗೇರ್ ಆಯಿಲ್ ಕೂಲರ್: ಗೇರ್‌ಬಾಕ್ಸ್ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮಂಗಳೂರಿನ ಸದಸ್ಯ: ಸರ್, ನನ್ನದು 2006ರ ಹೋಂಡಾ ಸಿಆರ್-ವಿ ಆಟೋಮ್ಯಾಟಿಕ್. ಸದ್ಯಕ್ಕೆ ತೊಂದರೆ ಏನೂ ಇಲ್ಲ. ಆದರೆ ಶಿರಾಡಿ ಘಾಟ್ ಹತ್ತುವಾಗ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಗೇರ್‌ಬಾಕ್ಸ್ ಬಿಸಿಯಾಗುತ್ತದೆಂದು ಭಯ. ಹೊರಗಡೆ ಕೂಲರ್ ಹಾಕಿಸಬಹುದಾ?

ಮೆಕ್ಯಾನಿಕ್: ಹಾಕಿಸಬಹುದು. ನಿಮ್ಮ ಭಯ ಸರಿಯಾಗಿಯೇ ಇದೆ. ಲಾರಿ ಹಿಂದೆ 15-20 ಕಿ.ಮೀ. ವೇಗದಲ್ಲಿ ಹತ್ತುವಾಗ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್ ಆಗುವುದಿಲ್ಲ, ಒಳಗೆ ಜಾರುತ್ತಲೇ ಇರುತ್ತದೆ. ಆ ಶಕ್ತಿಯೆಲ್ಲ ಎಣ್ಣೆಗೆ ಶಾಖವಾಗಿ ಇಳಿಯುತ್ತದೆ. ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ, 80ರಿಂದ 95 ಡಿಗ್ರಿಯಲ್ಲಿದ್ದರೆ ನೆಮ್ಮದಿ. 120 ದಾಟಿದ ಮೇಲೆ ಎಣ್ಣೆ ಬೇಗ ಕೆಡುತ್ತದೆ, ವಾಲ್ವ್‌ಗಳ ಮೇಲೆ ಅಂಟು ಕೂರುತ್ತದೆ.

ರೇಡಿಯೇಟರ್ ಒಳಗಿರುವ ಕೂಲರನ್ನು ಹಾಗೇ ಬಿಡಿ. ಅದರಿಂದ ಹೊರಬಂದ ಎಣ್ಣೆ ಹೊಸ ಕೂಲರಿಗೆ ಹೋಗಿ, ಅಲ್ಲಿಂದ ಗೇರ್‌ಬಾಕ್ಸ್‌ಗೆ ವಾಪಸ್ ಬರಬೇಕು. ಯಾವ ಪೈಪು ವಾಪಸ್ಸಿನದು ಅಂತ ಅಂದಾಜಿನ ಮೇಲೆ ಕತ್ತರಿಸಬೇಡಿ. ಒಂದು ಸುತ್ತು ಓಡಿಸಿ ಬಂದು ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ನೋಡಿ. ಜಾಸ್ತಿ ಬಿಸಿ ಇರುವುದು ಗೇರ್‌ಬಾಕ್ಸ್‌ನಿಂದ ಹೊರಡುವ ಪೈಪು. ಇನ್ನೊಂದಕ್ಕೆ ಕೂಲರ್ ಜೋಡಿಸಿ.

ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ಮುಂದೆ ಕೂರಿಸುವಾಗ ಬ್ರಾಕೆಟ್ ಮಾಡಿಸಿ. ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಫಿನ್ ಒಳಗಿಂದ ತೂರಿಸಿ ಕಟ್ಟಿದರೆ, ಅಲುಗಾಟಕ್ಕೆ ಉಜ್ಜಿ ಉಜ್ಜಿ ಕಂಡೆನ್ಸರ್ ತೂತಾಗುತ್ತದೆ. ಪೆಟ್ರೋಲ್ ಪೈಪು, ನೀರಿನ ಪೈಪು ಹಾಕಬೇಡಿ. ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್ ಹೋಸ್ ಅಂತಲೇ ಕೇಳಿ ತನ್ನಿ. ಕೂಲರ್ ತುಂಬಲು ಸ್ವಲ್ಪ ಎಣ್ಣೆ ಬೇಕಾಗುತ್ತದೆ, ಹಾಗಾಗಿ ಕೆಲಸ ಮುಗಿದ ಮೇಲೆ ಮಟ್ಟ ನೋಡಲೇಬೇಕು. ನಿಮ್ಮ ಹೋಂಡಾದಲ್ಲಿ ಗಾಡಿ ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ, ಒಂದೂವರೆ ನಿಮಿಷದೊಳಗೆ ಡಿಪ್‌ಸ್ಟಿಕ್ ನೋಡಬೇಕು. ಟೊಯೊಟಾದಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡುವುದು. ಎರಡನ್ನೂ ಕಲಸಿಕೊಳ್ಳಬೇಡಿ.

ತುಮಕೂರಿನ ಸದಸ್ಯ: ನನ್ನದು ಎಎಂಟಿ ಸರ್. ನಾನೂ ಕೂಲರ್ ಹಾಕಿಸಬಹುದಾ?

ಮೆಕ್ಯಾನಿಕ್: ಬೇಡ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ನಿಮ್ಮ ಬದಲು ಯಂತ್ರ ಮಾಡುತ್ತದೆ ಅಷ್ಟೇ. ಕನ್ವರ್ಟರ್ ಇಲ್ಲ, ಕೂಲರ್ ಪೈಪೂ ಇಲ್ಲ.

ದಾವಣಗೆರೆಯ ಸದಸ್ಯ: ಎಎಂಟಿಗೆ ಯಾವ ಸೈಜಿನ ಕೂಲರ್ ಒಳ್ಳೇದು?

ಮೆಕ್ಯಾನಿಕ್: ಮೇಲೆ ಓದಿ.

ಬೆಂಗಳೂರಿನ ಸದಸ್ಯ: ಇನ್ಶೂರೆನ್ಸ್‌ನವರಿಗೆ ತಿಳಿಸಬೇಕಾ?

ಹುಬ್ಬಳ್ಳಿಯ ಸದಸ್ಯ: ಕೂಲರ್‌ಗೆ ಯಾಕೆ ದುಡ್ಡು ಸುರಿಯುತ್ತೀರಿ? ಫ್ಯಾಮಿಲಿ ಗ್ರೂಪಿನಲ್ಲಿ ಬಂದಿತ್ತು: ಗೇರ್‌ಬಾಕ್ಸ್‌ಗೆ ಅರ್ಧ ಲೀಟರ್ ಡೀಸೆಲ್ ಹಾಕಿ 10 ಕಿ.ಮೀ. ಓಡಿಸಿ ಇಳಿಸಿದರೆ ಕಸವೆಲ್ಲ ಹೋಗಿ ಬಿಸಿಯಾಗುವುದೇ ಇಲ್ಲವಂತೆ.

ಮೆಕ್ಯಾನಿಕ್: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಡೀಸೆಲ್ ಎಣ್ಣೆಯನ್ನು ತೆಳು ಮಾಡುತ್ತದೆ. ಒತ್ತಡ ಕಮ್ಮಿಯಾಗಿ ಕ್ಲಚ್ ಪ್ಲೇಟ್ ಜಾರಿ ಸುಡುತ್ತದೆ. ಪ್ಯಾನ್‌ನಿಂದ (ಗೇರ್‌ಬಾಕ್ಸ್ ಅಡಿಯ ಎಣ್ಣೆ ತಟ್ಟೆ) ಇಳಿಸಿದರೂ ಅರ್ಧಕ್ಕಿಂತ ಜಾಸ್ತಿ ಕನ್ವರ್ಟರ್ ಒಳಗೇ ಉಳಿಯುತ್ತದೆ. ಹೀಗೆ ಸುಟ್ಟ ಗೇರ್‌ಬಾಕ್ಸ್ ನಮ್ಮ ಬೆಂಚಿಗೇ ಬರುತ್ತದೆ. ಫಾರ್ವರ್ಡ್ ಕಳಿಸಿದವರು ಆಮೇಲೆ ಫೋನ್ ಎತ್ತುವುದಿಲ್ಲ.

ಮೈಸೂರಿನ ಸದಸ್ಯೆ: ನಮ್ಮದು ಹಳೆಯ ಜರ್ಮನ್ ಸೆಡಾನ್, ಐದು ಗೇರಿನ ಆಟೋಮ್ಯಾಟಿಕ್. ಹೋದ ವಾರದಿಂದ 60ರ ಆಸುಪಾಸಿನಲ್ಲಿ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ನಡುಗುತ್ತದೆ. ಎಣ್ಣೆ ಬಿಸಿಯಾಗಿದೆ, ಕೂಲರ್ ಹಾಕಿಸಿ ಅಂತ ಒಬ್ಬರು ಅಂದರು. ಇವತ್ತು ಕೂಲಂಟ್ ಡಬ್ಬಿ ತೆಗೆದರೆ ಮೇಲೆ ಗುಲಾಬಿ ಬಣ್ಣದ ಜಿಡ್ಡು ತೇಲುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಮೆಕ್ಯಾನಿಕ್: ಇದೆ. ಇನ್ನು ಗಾಡಿ ಸ್ಟಾರ್ಟ್ ಮಾಡಬೇಡಿ. ಉಳಿದವರೂ ಇದನ್ನು ಓದಿ.

ಗೇರ್ ಎಣ್ಣೆಯ ಕೂಲರ್ ಇರುವುದು ರೇಡಿಯೇಟರ್‌ನ ತೊಟ್ಟಿಯೊಳಗೆ. ಅದರ ಸುತ್ತ ಎಂಜಿನ್ ತಣ್ಣಗಿಡುವ ಕೂಲಂಟ್. ನಡುವಿನ ಲೋಹದಲ್ಲಿ ಬಿರುಕು ಬಿಟ್ಟರೆ ಎರಡೂ ಬೆರೆಯುತ್ತವೆ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಜಾಸ್ತಿ ಇದ್ದು ಅದು ಕೂಲಂಟ್‌ಗೆ ನುಗ್ಗುತ್ತದೆ. ನೀವು ನೋಡಿದ ಜಿಡ್ಡು ಅದೇ ಇರಬೇಕು. ಗಾಡಿ ನಿಲ್ಲಿಸಿದ ಮೇಲೆ ಎಣ್ಣೆಯ ಒತ್ತಡ ಇಳಿಯುತ್ತದೆ, ಬಿಸಿ ಕೂಲಂಟ್‌ನದು ಉಳಿದಿರುತ್ತದೆ. ಆಗ ಕೂಲಂಟ್ ಗೇರ್‌ಬಾಕ್ಸ್ ಕಡೆ ಹೋಗುತ್ತದೆ. ಹೆಚ್ಚು ಅನಾಹುತ ಮಾಡುವುದು ಇದು.

ಕ್ಲಚ್ ಪ್ಲೇಟ್ ಅಂದರೆ ಉಕ್ಕಿನ ಬಿಲ್ಲೆಗೆ ಅಂಟಿಸಿದ ಕಾಗದದಂಥ ಪದರ. ಕೂಲಂಟ್‌ನಲ್ಲಿರುವ ನೀರು, ಗ್ಲೈಕಾಲ್ ಸೇರಿದರೆ ಆ ಅಂಟು ಬಿಡುತ್ತದೆ. ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಹಿಡಿಯುವ ಹೊತ್ತಿಗೆ ಸರಿಯಾಗಿ ಕೂರದೆ ಹಿಡಿದು ಬಿಟ್ಟು ಮಾಡುತ್ತದೆ. 60ರಲ್ಲಿ ನಡುಕ ಬರುವುದು ಅದಕ್ಕೇ.

ಮೊದಲು ಖಚಿತ ಮಾಡಿಕೊಳ್ಳಿ. ಡಬ್ಬಿಯ ಜಿಡ್ಡು ಕಂದು ಬಣ್ಣದ್ದಾಗಿದ್ದರೆ ಎಂಜಿನ್ ಎಣ್ಣೆಯೂ ಇರಬಹುದು. ನಿಮ್ಮದು ಗುಲಾಬಿ ಅಂದಿರಿ, ಅದಕ್ಕೇ ನನಗೆ ಚಿಂತೆ. ಪ್ಯಾನ್‌ನಿಂದ ಒಂದು ಲೋಟ ಎಣ್ಣೆ ಇಳಿಸಿ ನೋಡಿಸಿ. ಕೆಂಪಗೆ, ಪಾರದರ್ಶಕವಾಗಿರಬೇಕು. ಕಲಕಿದ ಹಾಗೆ ತಿಳಿ ಗುಲಾಬಿ ಇದ್ದರೆ ಕೂಲಂಟ್ ಬೆರೆತಿದೆ. ಆಗ ರೇಡಿಯೇಟರ್ ಬದಲಾಯಿಸಬೇಕು, ಪೈಪು, ಕನ್ವರ್ಟರ್ ಎಲ್ಲದರಿಂದಲೂ ಹಳೇ ಎಣ್ಣೆ ಹೋಗುವ ತನಕ ತೊಳೆಯಬೇಕು. ಬೇಗ ಸಿಕ್ಕಿದ್ದರೆ ಕೆಲವು ಗೇರ್‌ಬಾಕ್ಸ್ ಅಷ್ಟಕ್ಕೇ ಉಳಿಯುತ್ತವೆ. ತೊಳೆದ ಮೇಲೂ ನಡುಕ ನಿಲ್ಲದಿದ್ದರೆ ಬಿಚ್ಚಲೇಬೇಕು. ಈ ಸ್ಥಿತಿಯಲ್ಲಿ ಬರೀ ಕೂಲರ್ ಹಾಕಿದರೆ ಕೆಟ್ಟ ಎಣ್ಣೆ ತಣ್ಣಗೆ ತಿರುಗುತ್ತದೆ ಅಷ್ಟೇ.

ಹುಬ್ಬಳ್ಳಿಯ ಸದಸ್ಯ: ಅಂದರೆ ರೇಡಿಯೇಟರ್ ಕೂಲರೇ ಅಪಾಯ. ಮಂಗಳೂರಿನವರಿಗೆ ಅದನ್ನೇ ಉಳಿಸಿಕೊಳ್ಳಿ ಅಂದಿರಿ!

ಮೆಕ್ಯಾನಿಕ್: ಚೆನ್ನಾಗಿರುವ ರೇಡಿಯೇಟರ್ ಬೆಳಿಗ್ಗೆ ಎಣ್ಣೆಯನ್ನು ಬೇಗ ಬೆಚ್ಚಗೆ ಮಾಡುತ್ತದೆ, ಸಿಗ್ನಲ್‌ನಲ್ಲಿ ಗಾಳಿ ಇಲ್ಲದಾಗಲೂ ಶಾಖ ಎಳೆಯುತ್ತದೆ. ಅದಕ್ಕೆ ಉಳಿಸಿ ಅಂದೆ. ರೇಡಿಯೇಟರ್ ಮೇಲೆ ಅನುಮಾನವಿದ್ದರೆ ಹೊರಗಿನ ದೊಡ್ಡ ಸ್ಟ್ಯಾಕ್ಡ್ ಪ್ಲೇಟ್ (ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ) ಕೂಲರ್ ಒಂದರಿಂದಲೇ ನಡೆಸಬಹುದು. ಅದು ಬೇರೆ ಲೆಕ್ಕ.

ಬೆಂಗಳೂರಿನ ಸದಸ್ಯ: ಇಷ್ಟೆಲ್ಲ ಯಾಕೆ? ಘಾಟ್ ಇಳಿಯುವಾಗ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗೇರ್‌ಬಾಕ್ಸ್ ತಾನಾಗಿ ತಣ್ಣಗಾಗುತ್ತದೆ. ನಾನು ಚಾರ್ಮಾಡಿಯಲ್ಲಿ ಯಾವಾಗಲೂ ಹಾಗೇ.

ಮಂಗಳೂರಿನ ಸದಸ್ಯ: ನಿಮ್ಮ ಹಿಂದೆ ಮುಂದೆ ನಮ್ಮ ಗಾಡಿಗಳೂ ಇರುತ್ತವೆ ಸ್ವಾಮಿ. ಬ್ರೇಕ್ ಕಾದು ಹಿಡಿಯದಿದ್ದರೆ?

ಬೆಂಗಳೂರಿನ ಸದಸ್ಯ: ನನಗೆ ಡ್ರೈವಿಂಗ್ ಹೇಳಿಕೊಡಬೇಡಿ. ಘಾಟ್ ಏನು ನಿಮ್ಮೂರಿನವರ ಆಸ್ತಿಯಾ?

ಮಂಗಳೂರಿನ ಸದಸ್ಯ: ಆ ತಿರುವುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರುವವರು ನಾವು. ಹೇಳಿಯೇ ಹೇಳುತ್ತೇನೆ.

ಮೆಕ್ಯಾನಿಕ್: ನ್ಯೂಟ್ರಲ್‌ನಲ್ಲಿ ಇಳಿಯುವುದು ತಪ್ಪು. ಎಂಜಿನ್ ಹಿಡಿತ ಹೋಗುತ್ತದೆ, ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಎರಡನೇ ಗೇರ್‌ಗೋ ಮೂರಕ್ಕೋ ಹಾಕಿ ಇಳಿಯಿರಿ. ಉದ್ದದ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹಾಕಿದರೆ ನಷ್ಟವಿಲ್ಲ. ಘಾಟಿನಲ್ಲಿ ಕೂಡದು. ವಾದ ಇಲ್ಲಿಗೆ ಸಾಕು.

ಶಿವಮೊಗ್ಗದ ಸದಸ್ಯ: ಕೂಲರ್ ಸೇರಿ ಒಟ್ಟು ಎಷ್ಟು ಖರ್ಚಾಗಬಹುದು ಸರ್?

ಕಲಬುರಗಿಯ ಸದಸ್ಯ: ಯಾವ ಎಣ್ಣೆಯಾದರೂ ನಡೆಯುತ್ತದಾ?

ಮೆಕ್ಯಾನಿಕ್: ಇಲ್ಲ. ಓನರ್ ಮ್ಯಾನುಯಲ್‌ನಲ್ಲಿ ಬರೆದಿರುವುದೇ ಬೇಕು. ಹೋಂಡಾಗೆ ಡಿಡಬ್ಲ್ಯು-1, ಹಳೆ ಟೊಯೊಟಾಗೆ ಟೈಪ್ ಟಿ-4, ಹೀಗೆ ಒಂದೊಂದಕ್ಕೂ ಬೇರೆ.

ಹುಬ್ಬಳ್ಳಿಯ ಸದಸ್ಯ: ಯೂನಿವರ್ಸಲ್ ಎಣ್ಣೆ ಎಲ್ಲಕ್ಕೂ ಆಗುತ್ತದೆ ಅಂತ ಇನ್ನೊಂದು ಮೆಸೇಜ್...

ಮೆಕ್ಯಾನಿಕ್: ನಿಮ್ಮ ಮೆಸೇಜ್‌ಗಳಿಗೆ ಇನ್ನು ಉತ್ತರ ಕೊಡುವುದಿಲ್ಲ.

ಮೈಸೂರಿನ ಸದಸ್ಯೆ: ಸರ್, ಗ್ಯಾರೇಜಿಗೆ ಕಟ್ಟಿ ಎಳೆಸಿಕೊಂಡು ಹೋಗಲಾ?

ಮೆಕ್ಯಾನಿಕ್: ಬೇಡಮ್ಮ. ಎಂಜಿನ್ ಓಡಿಸುವ ಚಕ್ರಗಳು ತಿರುಗಿದರೆ ಗೇರ್‌ಬಾಕ್ಸ್ ಒಳಗೂ ತಿರುಗುತ್ತದೆ, ಎಂಜಿನ್ ಆಫ್ ಇರುವಾಗ ಎಣ್ಣೆ ಪಂಪ್ ಮಾತ್ರ ಓಡುವುದಿಲ್ಲ. ಫ್ಲಾಟ್‌ಬೆಡ್ ತರಿಸಿ, ನಾಲ್ಕೂ ಚಕ್ರ ಮೇಲಿರಲಿ. ಎಣ್ಣೆ ಇಳಿಸಿದಾಗ ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ. ಹಳೇ ರೇಡಿಯೇಟರ್ ಗುಜರಿಗೆ ಕೊಡಬೇಡಿ. ಅದಕ್ಕೆ ಗಾಳಿ ಕೊಟ್ಟು ನೀರಲ್ಲಿ ಮುಳುಗಿಸಿ ಸೋರಿಕೆ ಅಲ್ಲಿಂದಲೇ ಅಂತ ಖಚಿತ ಮಾಡಿಕೊಳ್ಳಬೇಕು.